ಸೀಲ್ ಹೊಸದು, ಸೋರಿಕೆ ಹಳೆಯದು: ಪವರ್ ಸ್ಟೀರಿಂಗ್ ಗೇರ್‌ಬಾಕ್ಸ್ ಕುರಿತು ಎರಡು ಪ್ರಶ್ನೆಗಳು

ಪ್ರಶ್ನೆ: ಅಡಿಕೆ, ಗೊಬ್ಬರ ಸಾಗಿಸಲು ಹಳೆಯ ಪಿಕಪ್ ವಾಹನವೊಂದನ್ನು ಇಟ್ಟುಕೊಂಡಿದ್ದೇನೆ. ಅದರ ಪವರ್ ಸ್ಟೀರಿಂಗ್ ಗೇರ್‌ಬಾಕ್ಸಿನ ಕೆಳಭಾಗದಿಂದ ಎಣ್ಣೆ ಸೋರುತ್ತಿದೆ. ಮಳೆಗಾಲದ ನಂತರ ಎರಡು ಸಲ ಸೀಲ್ ಬದಲಿಸಿದೆ. ಎರಡು ಸಲವೂ ಮೂರು ತಿಂಗಳೊಳಗೆ ಮತ್ತೆ ಸೋರಿಕೆ ಶುರುವಾಯಿತು. ವಾರಕ್ಕೊಮ್ಮೆ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಬೇಕಾಗುತ್ತದೆ. ಗ್ಯಾರೇಜಿನವರು ಇಡೀ ಬಾಕ್ಸ್ ಬದಲಿಸಿ ಎನ್ನುತ್ತಾರೆ. ಬದಲಿಸಲೇಬೇಕೇ?
– ಓದುಗರು, ಶಿರಸಿ

ಉತ್ತರ: ಬದಲಿಸಲೇಬೇಕೆಂದು ಈಗಲೇ ಹೇಳಲಾಗದು. ಸರಿಯಾಗಿ ಕೂರಿಸಿದ ಒಳ್ಳೆಯ ಸೀಲ್ ಮೂರು ತಿಂಗಳಿಗೆ ಕೆಡುವುದಿಲ್ಲ. ಎರಡು ಸಲವೂ ಹೆಚ್ಚುಕಡಿಮೆ ಅಷ್ಟೇ ಅವಧಿಯಲ್ಲಿ ಸೋರಿದೆಯೆಂದರೆ ತಪ್ಪು ಸೀಲಿನದಾಗಿರದೆ, ಸೀಲ್ ಒರಗಿ ಕೂರುವ ಶಾಫ್ಟಿನದೋ, ಆ ಶಾಫ್ಟನ್ನು ಹಿಡಿದಿರುವ ಬುಷ್ ಅಥವಾ ಬೇರಿಂಗಿನದೋ ಆಗಿರುವ ಸಾಧ್ಯತೆಯೇ ಹೆಚ್ಚು. ಅದನ್ನು ನೋಡದೆ ಮೂರನೆಯ ಸೀಲ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಮೊದಲು ಸೋರಿಕೆಯ ಮೂಲ ಖಚಿತವಾಗಬೇಕು. ಎಣ್ಣೆ ತೊಟ್ಟಿಕ್ಕುವುದು ತಳದಲ್ಲಾದರೂ ಅದು ಹೊರಟ ಜಾಗ ಮೇಲೆಲ್ಲೋ ಇರಬಹುದು. ಸ್ಟೀರಿಂಗ್ ಕಂಬ ಬಂದು ಸೇರುವ ಶಾಫ್ಟಿನ ಸೀಲ್, ಪಕ್ಕದ ಮುಚ್ಚಳದ ಓ ರಿಂಗ್, ಹೋಸ್ ಪೈಪಿನ ಜೋಡಣೆ, ಇವುಗಳಲ್ಲಿ ಯಾವುದು ಸೋರಿದರೂ ಎಣ್ಣೆ ಬಾಕ್ಸಿನ ಮೈಮೇಲೆ ಹರಿದು ಬಂದು ಕೆಳಗಿನ ಸೀಲಿನ ಬಳಿಯೇ ಸೇರುತ್ತದೆ. ಎಂಜಿನ್ ತಣಿದಿರುವಾಗ ಬಾಕ್ಸನ್ನು ಡೀಸೆಲ್‌ನಿಂದ ಚೆನ್ನಾಗಿ ತೊಳೆದು, ಒರೆಸಿ, ಒಣಗಿದ ಮೇಲೆ ತೆಳುವಾಗಿ ಟಾಲ್ಕಂ ಪೌಡರ್ ಉದುರಿಸಿ. ಬಳಿಕ ಒಬ್ಬರು ಎಂಜಿನ್ ಚಾಲೂ ಮಾಡಿ ಸ್ಟೀರಿಂಗ್ ಚಕ್ರವನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತಿರಲಿ, ಇನ್ನೊಬ್ಬರು ಟಾರ್ಚ್ ಹಿಡಿದು ನೋಡಲಿ. ಬಿಳಿ ಪುಡಿಯ ಮೇಲೆ ಒದ್ದೆಯ ಗೆರೆ ಎಲ್ಲಿಂದ ಮೂಡುತ್ತದೋ ಅದೇ ಸೋರಿಕೆಯ ಮೂಲ. ಆದರೆ ಕೈಯನ್ನು ಪ್ರೆಷರ್ ಹೋಸ್‌ನಿಂದ ದೂರವಿಡಬೇಕು. ಚಕ್ರವನ್ನು ಕೊನೆಯವರೆಗೆ ತಿರುಗಿಸಿದಾಗ ಅದರೊಳಗಿನ ಒತ್ತಡ 100 ಬಾರ್ ಆಸುಪಾಸಿಗೆ ಏರಬಹುದು, ಅಂದರೆ ಕಾರಿನ ಟೈರಿನ ಗಾಳಿಯ ಒತ್ತಡದ ಸುಮಾರು 40 ಪಟ್ಟು.

ನೀವು ಹೇಳುವ ಲಕ್ಷಣ ನೋಡಿದರೆ ಸೋರುತ್ತಿರುವುದು ಸೆಕ್ಟರ್ ಶಾಫ್ಟ್, ಅಂದರೆ ಕೆಳಕ್ಕೆ ಚಾಚಿಕೊಂಡು ಡ್ರಾಪ್ ಆರ್ಮನ್ನು (ಚಕ್ರಗಳನ್ನು ಹೊರಳಿಸುವ ಸರಳುಗಳಿಗೆ ಜೋಡಿಸಿದ ತೋಳನ್ನು) ಹೊತ್ತಿರುವ ಶಾಫ್ಟ್, ಇರಬೇಕು. ನಮ್ಮ ಕಡೆ ಈ ಶಾಫ್ಟಿಗೆ ಕಷ್ಟಗಳು ಹೆಚ್ಚು. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಕರಾವಳಿಯ ಉಪ್ಪುಗಾಳಿಗೆ ಘಟ್ಟದ ಕೆಂಪು ಕೆಸರು ಸೇರಿಕೊಳ್ಳುತ್ತದೆ. ಧೂಳು ತಡೆಯುವ ಹೊರಗಿನ ಸೀಲ್ ಹರಿದಿದ್ದರೆ ಆ ಕೆಸರುನೀರು ಒಳನುಗ್ಗಿ, ಮುಖ್ಯ ಸೀಲ್ ಒರಗುವ ಜಾಗದಲ್ಲೇ ಶಾಫ್ಟಿಗೆ ತುಕ್ಕು ಹಿಡಿಸುತ್ತದೆ. ತುಕ್ಕಿನ ಗುಂಡಿಗಳ ಅಂಚು ರಬ್ಬರಿಗೆ ಗರಗಸದಂತೆ. ಹೊಸ ಸೀಲಿನ ತುಟಿ ದಿನವೂ ಅದರ ಮೇಲೆ ಉಜ್ಜುತ್ತಿದ್ದರೆ ಉಳಿಯುವುದು ಹೇಗೆ?

ಹೀಗಾಗಿ ಡ್ರಾಪ್ ಆರ್ಮ್ ಬಿಚ್ಚಿ, ಸೀಲನ್ನು ಹಿಡಿದಿಡುವ ಸರ್ಕ್ಲಿಪ್ ಬಳೆ ತೆಗೆದು, ಹಳೆಯ ಸೀಲ್ ಹೊರಬಂದ ಮೇಲೆ ಮೆಕ್ಯಾನಿಕ್ ಕೂಡಲೇ ಹೊಸದನ್ನು ಹೊಡೆಯಲು ಹೊರಟರೆ ತಡೆಯಿರಿ. ಶಾಫ್ಟನ್ನು ಒರೆಸಿಸಿ, ನಿಮ್ಮ ಉಗುರನ್ನು ಅದರ ಉದ್ದಕ್ಕೆ ನಿಧಾನವಾಗಿ ಎಳೆಯಿರಿ. ಉಗುರು ಜಾರಿಹೋದರೆ ಶಾಫ್ಟ್ ಉಳಿದಿದೆ. ಮೇಲ್ಮೈಯ ಸಣ್ಣ ತುಕ್ಕನ್ನು ನಯವಾದ ಎಮರಿ ಕಾಗದದಿಂದ ಸುತ್ತಲೂ ಉಜ್ಜಿ ತೆಗೆಯಬಹುದು. ಉದ್ದುದ್ದ ಉಜ್ಜಲೇಬಾರದು, ಏಕೆಂದರೆ ಆ ಗೀರುಗಳೇ ಎಣ್ಣೆಗೆ ಕಾಲುವೆಯಾಗುತ್ತವೆ. ಉಗುರು ಎಲ್ಲಾದರೂ ತಡೆದು ನಿಂತರೆ ಶಾಫ್ಟ್ ಬದಲಿಸಬೇಕು, ಇಲ್ಲವೇ ಅದೇ ಅಳತೆಯ ತೆಳು ಉಕ್ಕಿನ ಕವಚ (ಸ್ಲೀವ್) ಸಿಗುವುದಾದರೆ ಸವೆದ ಜಾಗದ ಮೇಲೆ ಅದನ್ನು ಕೂರಿಸಬೇಕು.

ಎರಡನೆಯ ಪರೀಕ್ಷೆ ಆಟದ್ದು. ಶಾಫ್ಟಿನ ತುದಿಯನ್ನು ಹಿಡಿದು ಅಡ್ಡಕ್ಕೆ ಅಲುಗಿಸಿ ನೋಡಿ. ಕೈಗೆ ತಿಳಿಯುವಷ್ಟು ಅಲುಗಿದರೆ ಒಳಗಿನ ಬುಷ್ ಅಥವಾ ನೀಡಲ್ ಬೇರಿಂಗ್ ಸವೆದಿದೆ ಎಂದರ್ಥ. ಚಕ್ರ ಹೊರಳಿದಾಗಲೆಲ್ಲ ಶಾಫ್ಟ್ ಒಂದು ಬದಿಗೆ ಸರಿದು ಸೀಲನ್ನು ಒತ್ತಿ ಇನ್ನೊಂದು ಬದಿಯಲ್ಲಿ ಸಂದು ಬಿಡುತ್ತದೆ. ಇದಕ್ಕೆ ಬಾಕ್ಸಿನ ಮೇಲಿನ ಅಡ್ಜಸ್ಟಿಂಗ್ ಸ್ಕ್ರೂ ಬಿಗಿ ಮಾಡುವುದು ಮದ್ದಲ್ಲ. ಆ ಸ್ಕ್ರೂ ಹಲ್ಲುಗಳ ನಡುವಿನ ಸಡಿಲಿಕೆಗಷ್ಟೇ ಸಂಬಂಧಿಸಿದ್ದು. ಅತಿಯಾಗಿ ಬಿಗಿದರೆ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳದು. ಬುಷ್ ಬದಲಿಸಿದರೂ ಆಟ ಹೋಗದಷ್ಟು ಬಾಕ್ಸಿನ ಮೈಯೇ ಸವೆದಿದ್ದರೆ ಗ್ಯಾರೇಜಿನವರ ಮಾತನ್ನು ಒಪ್ಪಿಕೊಳ್ಳಿ.

ಸೀಲ್ ಕೂರಿಸುವ ಕೆಲಸದಲ್ಲಿ ಆಗುವ ಅವಸರವೂ ಸಾಕಷ್ಟು ಸೀಲುಗಳನ್ನು ಮೊದಲ ದಿನವೇ ಕೊಂದಿದೆ. ಡ್ರಾಪ್ ಆರ್ಮ್ ಕೂರುವ ಹಲ್ಲುಗಳು ಚೂಪಾಗಿರುತ್ತವೆ. ಅವುಗಳ ಮೇಲಿಂದ ಸೀಲನ್ನು ಹಾಗೆಯೇ ಜಾರಿಸಿದರೆ ಕಣ್ಣಿಗೆ ಕಾಣದ ಸೀಳು ಬೀಳುತ್ತದೆ. ನಾನು ಹಲ್ಲುಗಳ ಮೇಲೆ ನುಣುಪಾದ ಟೇಪನ್ನು ಒಂದೆರಡು ಸುತ್ತು ಸುತ್ತಿ, ಅದರ ಮೇಲೆ ಎಣ್ಣೆ ಸವರಿ, ಸೀಲನ್ನು ತಿರುಗಿಸುತ್ತ ದಾಟಿಸಿ, ಆಮೇಲೆ ಟೇಪ್ ಬಿಚ್ಚುತ್ತೇನೆ. ಸಣ್ಣ ಸ್ಪ್ರಿಂಗ್ ಇರುವ ಬದಿ ಎಣ್ಣೆಯ ಕಡೆಗಿರಬೇಕು. ಸುತ್ತಿಗೆಯಿಂದ ಒಂದು ಬದಿಗೆ ಕುಟ್ಟದೆ, ಸೀಲಿನ ಹೊರ ಅಂಚಿಗೆ ಸರಿಹೊಂದುವ ಕೊಳವೆಯಿಂದ ಸಮನಾಗಿ ಒತ್ತಬೇಕು. ಡ್ರಾಪ್ ಆರ್ಮನ್ನು ಪುಲ್ಲರ್‌ನಿಂದಲೇ ತೆಗೆಸಿ. ಸುತ್ತಿಗೆಯ ಪೆಟ್ಟು ಒಳಗಿನ ಬೇರಿಂಗಿಗೂ ತಾಗುತ್ತದೆ. ಬಿಚ್ಚುವ ಮೊದಲು ಆರ್ಮಿಗೂ ಶಾಫ್ಟಿಗೂ ಗುರುತು ಹಾಕಿಟ್ಟುಕೊಳ್ಳುವುದು, ಮರಳಿ ಜೋಡಿಸುವಾಗ ನಟ್ಟನ್ನು ಕಂಪನಿ ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚಿನಿಂದ ಬಿಗಿಯುವುದು, ಇವೆರಡರಲ್ಲಿ ರಾಜಿ ಸಲ್ಲದು. ಆ ನಟ್ ಕಳಚಿದರೆ ಚಕ್ರಕ್ಕೂ ಸ್ಟೀರಿಂಗಿಗೂ ಸಂಬಂಧವೇ ಇರುವುದಿಲ್ಲ.

ಕೊನೆಗೆ ಗಾಳಿ ತೆಗೆಯಬೇಕು. ಮುಂದಿನ ಚಕ್ರಗಳನ್ನು ಎತ್ತಿ ನಿಲ್ಲಿಸಿ, ಎಂಜಿನ್ ಚಾಲೂ ಮಾಡದೆ, ಎಣ್ಣೆ ಸೇರಿಸುತ್ತ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ಹದಿನೈದು ಇಪ್ಪತ್ತು ಸಲ ತಿರುಗಿಸಿ. ಎಣ್ಣೆಯಲ್ಲಿ ನೊರೆ ಬರುವುದು ನಿಂತ ಮೇಲೆ ಎಂಜಿನ್ ಚಾಲೂ ಮಾಡಿ. ಕೊನೆಯ ತಿರುವಿನಲ್ಲಿ ಸ್ಟೀರಿಂಗನ್ನು ಹಿಡಿದು ನಿಲ್ಲಿಸಬೇಡಿ.

ದುರಸ್ತಿಯಾಗುವವರೆಗೆ ಘಟ್ಟದ ಪ್ರಯಾಣ ಬೇಡ ಎಂಬುದು ನನ್ನ ಸಲಹೆ. ಎಣ್ಣೆ ಖಾಲಿಯಾದರೂ ಸ್ಟೀರಿಂಗ್ ಪೂರ್ತಿ ಕೈಬಿಡುವುದಿಲ್ಲ ನಿಜ. ಆದರೆ ತುಂಬಿದ ಪಿಕಪ್‌ನಲ್ಲಿ ದೇವಿಮನೆಯ ಹೇರ್‌ಪಿನ್ ತಿರುವಿನ ನಡುವೆ ಅದು ಒಮ್ಮೆಲೇ ಕಲ್ಲಿನಂತೆ ಭಾರವಾದರೆ ನಿಭಾಯಿಸುವುದು ಕಷ್ಟ.

ಪ್ರಶ್ನೆ: ಬೈತಖೋಲದಿಂದ ಮೀನು ಸಾಗಿಸುವ ಗಾಡಿಯ ಪವರ್ ಸ್ಟೀರಿಂಗ್ ಎಣ್ಣೆ ಕಡಿಮೆಯಾದಾಗ ಚಾಲಕ ಬ್ರೇಕ್ ಆಯಿಲ್ ಸುರಿದಿದ್ದಾನೆ. ತೊಂದರೆಯಿದೆಯೇ?
– ಓದುಗರು, ಕಾರವಾರ

ಉತ್ತರ: ಇದೆ. ಸ್ಟೀರಿಂಗ್ ಬಾಕ್ಸಿನ ಸೀಲುಗಳಲ್ಲಿ ಸಾಮಾನ್ಯವಾಗಿ ಬಳಸುವ ನೈಟ್ರೈಲ್ ರಬ್ಬರಿಗೂ ಬ್ರೇಕ್ ಆಯಿಲಿಗೂ ಆಗಿಬರುವುದಿಲ್ಲ. ರಬ್ಬರು ಉಬ್ಬಿ, ಮೆತ್ತಗಾಗಿ, ಹರಿಯುತ್ತದೆ. ಎಂಜಿನ್ ಚಾಲೂ ಮಾಡದೆಯೇ ರಿಸರ್ವಾಯರ್ (ಎಣ್ಣೆಯ ಡಬ್ಬಿ) ಖಾಲಿ ಮಾಡಿಸಿ. ಈಗಾಗಲೇ ಓಡಿಸಿದ್ದರೆ ಪಂಪ್, ಹೋಸ್, ಬಾಕ್ಸ್ ಮೂರನ್ನೂ ಸರಿಯಾದ ಎಣ್ಣೆಯಿಂದ ತೊಳೆಸಿ, ಸೀಲುಗಳನ್ನು ಒಟ್ಟಿಗೆ ಬದಲಿಸುವುದು ಲೇಸು. ಮುಂದೆ ಹೀಗಾಗದಂತೆ, ಕಂಪನಿಯ ಪುಸ್ತಕದಲ್ಲಿರುವ ಎಣ್ಣೆಯ ಹೆಸರನ್ನು ರಿಸರ್ವಾಯರಿನ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಕನ್ನಡದಲ್ಲೇ ಬರೆಯಿಸಿಬಿಡಿ.