ಬಾಗಿಲು ತೆಗೆದಾಗ ಬೆಂಕಿ ಏಕೆ ಹೆಚ್ಚಾಯಿತು?

ಸಂಪಾದಕರ ಉತ್ತರ

ತಾಲ್ಲೂಕು ಅಗ್ನಿಶಾಮಕ ಠಾಣೆಯೊಂದರ ಯುವ ಫೈರ್‌ಮನ್ ಒಬ್ಬರು ನಮಗೆ ಪತ್ರ ಬರೆದಿದ್ದಾರೆ. ಅಪಾರ್ಟ್‌ಮೆಂಟಿನ ಒಂದು ಮನೆಯಲ್ಲಿ ಬೆಂಕಿ. ಇವರು ಹೋದಾಗ ಜ್ವಾಲೆಯೇ ಕಾಣಿಸಲಿಲ್ಲವಂತೆ, ಬರೀ ಹೊಗೆ. ಬಾಗಿಲು ಒಡೆದು ಸ್ವಲ್ಪ ಹೊತ್ತಿಗೆ ಇಡೀ ಹಾಲ್ ಹೊತ್ತಿಕೊಂಡಿತು. "ಮೊದಲು ಬಾಗಿಲು, ಕಿಟಕಿ ತೆಗೆದು ಹೊಗೆ ಬಿಡಿ, ಬೆಂಕಿ ತಾನಾಗಿ ತಗ್ಗುತ್ತೆ ಅಂತ ಹಿರಿಯರು ಹೇಳಿಕೊಟ್ಟಿದ್ದರು. ಅದು ತಪ್ಪಾ?" ಎಂದು ಕೇಳಿದ್ದಾರೆ.

ಪ್ರೀತಿಯ ಗೆಳೆಯರೇ,

ಮೊದಲಿಗೆ, ನೀವೆಲ್ಲ ಸುರಕ್ಷಿತವಾಗಿ ಹೊರಬಂದಿರಿ ಎಂದು ಓದಿ ಸಮಾಧಾನವಾಯಿತು.

ನಿಮ್ಮ ಹಿರಿಯರು ತಮ್ಮ ಅನುಭವದಿಂದಲೇ ಹೇಳಿದ್ದಾರೆ. ಆದರೆ ಅವರು ಕಲಿತದ್ದು ಬೇರೆ ಬಗೆಯ ಮನೆಗಳಲ್ಲಿ. ಹಂಚಿನ ಮನೆಯಲ್ಲಿ ಹೊಗೆ ಸಂದುಗಳಿಂದ, ಗವಾಕ್ಷಿಯಿಂದ ತಾನೇ ಹೊರಗೆ ಹೋಗುತ್ತದೆ. ಗಾಳಿಯೂ ಸಲೀಸಾಗಿ ಒಳಗೆ ಬರುತ್ತದೆ. ಅಲ್ಲಿ ಉರಿಯುತ್ತಿದ್ದುದು ಹೆಚ್ಚಾಗಿ ಮರ, ಹತ್ತಿ, ಬಟ್ಟೆ. ಈಗಿನ ಫ್ಲ್ಯಾಟ್ ಹಾಗಲ್ಲ ನೋಡಿ. ಸ್ಲೈಡಿಂಗ್ ಕಿಟಕಿ, ಎ.ಸಿ. ಕೋಣೆ, ಒಳಗೆ ಫೋಮಿನ ಸೋಫಾ, ಹಾಸಿಗೆ, ಪ್ಲಾಸ್ಟಿಕ್ ಸಾಮಾನು. ಸುರಕ್ಷತೆಯ ಪರೀಕ್ಷೆಗಳನ್ನು ನಡೆಸುವ ಅಮೆರಿಕದ ಯು.ಎಲ್. ಸಂಸ್ಥೆ ಎರಡೂ ಬಗೆಯ ಕೋಣೆಗಳನ್ನು ಕಟ್ಟಿ, ಬೆಂಕಿ ಹಚ್ಚಿ ಅಳೆದಿದೆ. ಹಳೆಯ ಬಗೆಯ ಸಾಮಾನಿದ್ದ ಕೋಣೆ ಪೂರ್ತಿ ಹೊತ್ತಿಕೊಳ್ಳಲು 29 ನಿಮಿಷಕ್ಕಿಂತ ಜಾಸ್ತಿ ಹಿಡಿಯಿತು. ಹೊಸ ಬಗೆಯದಕ್ಕೆ 5 ನಿಮಿಷವೂ ಬೇಕಾಗಲಿಲ್ಲ.

ಹೀಗೆ ಕೋಣೆ ಪೂರ್ತಿ ಹೊತ್ತಿಕೊಳ್ಳುವುದೇ ಫ್ಲ್ಯಾಶ್‌ಓವರ್. ಬಿಸಿ ಹೊಗೆ ಸೀಲಿಂಗಿನಡಿ ಸೇರಿ ದಪ್ಪವಾಗುತ್ತಾ ಕೆಳಗಿಳಿಯುತ್ತದೆ. ಅದರ ಶಾಖ ಸುಮಾರು 600 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ, ಬೆಂಕಿ ಇನ್ನೂ ತಾಗದ ಸಾಮಾನುಗಳೂ ಆ ಕಾವಿಗೇ ಹೆಚ್ಚುಕಡಿಮೆ ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಆ ಹೊಗೆಯೂ ಉರಿಯುತ್ತದೆ. ಹೊಗೆ ಎಂದರೆ ಅರ್ಧ ಸುಟ್ಟ ಇಂಧನ, ಇದನ್ನು ದಯವಿಟ್ಟು ಮರೆಯಬೇಡಿ.

ಕೋಣೆ ಮುಚ್ಚಿದ್ದರೆ ಫ್ಲ್ಯಾಶ್‌ಓವರ್‌ಗೆ ಮುಂಚೆಯೇ ಗಾಳಿ ಸಾಲದೆ ಬೆಂಕಿ ತಗ್ಗಬಹುದು. ಜ್ವಾಲೆ ಕಾಣುವುದಿಲ್ಲ. ಆದರೆ ಶಾಖ ಇರುತ್ತದೆ, ಇಂಧನ ಇರುತ್ತದೆ, ಇಲ್ಲದ್ದು ಗಾಳಿ ಮಾತ್ರ. ನೀವು ಬಾಗಿಲು ಒಡೆದಾಗ ಆ ಗಾಳಿಯೂ ಸಿಕ್ಕಿತು.

ನ್ಯೂಯಾರ್ಕಿನ ವಾಟ್ಸ್ ಸ್ಟ್ರೀಟ್‌ನಲ್ಲಿ 1994ರ ಮಾರ್ಚ್ 28ರಂದು ಆಗಿದ್ದೂ ಇದೇ. ಒಲೆಯ ಮೇಲಿಟ್ಟಿದ್ದ ಕಸದ ಚೀಲದಿಂದ ಬೆಂಕಿ ಹತ್ತಿತ್ತು. ಚಳಿಗೆಂದು ಬಿಗಿಯಾಗಿ ಮುಚ್ಚಿದ ಮನೆ. ಅಲ್ಲಿ ಬೆಂಕಿ ಸುಮಾರು ಒಂದು ಗಂಟೆ ಗಾಳಿಯಿಲ್ಲದೆ ಕನಲುತ್ತಿತ್ತು. ಒಂದು ತಂಡ ಆ ಮನೆಯ ಬಾಗಿಲು ಒಡೆಯಿತು. ಇನ್ನೊಂದು ತಂಡ ಮೆಟ್ಟಿಲು ಹತ್ತಿ ಮೇಲಿನ ಮಹಡಿಯಲ್ಲಿತ್ತು. ಮೊದಲು ಬೆಚ್ಚನೆಯ ಗಾಳಿ ಹೊರಬಂತು, ಅಷ್ಟೇನೂ ಬಿಸಿಯಿರಲಿಲ್ಲ. ಮರುಕ್ಷಣ ಹೊರಗಿನ ಗಾಳಿ ಒಳಕ್ಕೆ ನುಗ್ಗಿತು. ಆಮೇಲೆ ಬಾಗಿಲಿನ ಮೇಲ್ಭಾಗದಿಂದ ಜ್ವಾಲೆ ಹೊರಚಾಚಿ ಮೆಟ್ಟಿಲಿನುದ್ದಕ್ಕೂ ಏರಿತು, ಆರು ನಿಮಿಷಕ್ಕೂ ಹೆಚ್ಚು ಹೊತ್ತು ಉರಿಯಿತು. ಕೆಳಗಿನವರು ಪಾರಾದರು. ಮೇಲಿದ್ದ ಮೂವರೂ ತೀರಿಕೊಂಡರು. ಅವರು ನಿಂತಿದ್ದದ್ದು ಬೆಂಕಿ ಹೊರಹೋಗುವ ದಾರಿಯಲ್ಲಿ. ಗಾಳಿ ಎಲ್ಲಿಂದ ಒಳಗೆ ಬರುತ್ತೆ, ಬಿಸಿ ಎಲ್ಲಿಂದ ಹೊರಗೆ ಹೋಗುತ್ತೆ ಎಂದು ನೋಡದೆ ಆ ನಡುವೆ ಯಾರೂ ನಿಲ್ಲಬಾರದು.

ಗಾಳಿಯಿಲ್ಲದೆ ಕನಲುತ್ತಿದ್ದ ಬೆಂಕಿ ಗಾಳಿ ಸಿಕ್ಕೊಡನೆ ಹೀಗೆ ಭುಗಿಲೇಳುವುದೇ ಬ್ಯಾಕ್‌ಡ್ರಾಫ್ಟ್. ಇದರ ಗುರುತುಗಳು ಹೊರಗಿನಿಂದಲೇ ಸಿಗಬಹುದು: ಮಸಿ ಹಿಡಿದ ಬಿಸಿ ಗಾಜು, ಬಾಗಿಲ ಸಂದಿಯಲ್ಲಿ ಉಸಿರಾಡಿದಂತೆ ಹೊರಬಂದು ಒಳಹೋಗುವ ಹೊಗೆ, ಗಾಳಿ ಎಳೆಯುವ ಸದ್ದು. ಆದರೆ ಗುರುತು ಕಾಣಲಿಲ್ಲ ಅಂತ ಧೈರ್ಯ ಮಾಡಬೇಡಿ. ವಾಟ್ಸ್ ಸ್ಟ್ರೀಟಿನ ಬೆಚ್ಚನೆಯ ಗಾಳಿ ನೆನಪಿರಲಿ.

ಹಾಗಾದರೆ ಹೊಗೆ ಬಿಡಲೇಬಾರದಾ? ಬಿಡಬೇಕು, ಆದರೆ ನೀರು ಸಿದ್ಧವಾದ ಮೇಲೆ, ಮುಂದಾಳಿನ ಆಜ್ಞೆಯಂತೆ. ಬಾಗಿಲು ಮುಟ್ಟುವ ಮೊದಲೇ ಹೋಸ್‌ನಲ್ಲಿ ನೀರು ತುಂಬಿರಲಿ, ಬಿ.ಎ. ಸೆಟ್ (ಉಸಿರಾಟದ ಸಾಧನ) ಹಾಕಿರಲಿ. ಬಾಗಿಲಿಗೆ ನೇರ ನಿಲ್ಲದೆ ಪಕ್ಕಕ್ಕೆ ಕುಳಿತುಕೊಳ್ಳಿ. ಸ್ವಲ್ಪವೇ ತೆರೆದು ಮೇಲಿನ ಹೊಗೆಗೆ ಚಿಕ್ಕ ಚಿಕ್ಕ ಸ್ಪ್ರೇ ಕೊಡಿ, ಮತ್ತೆ ಮುಚ್ಚಿ, ಏನಾಗುತ್ತೆ ನೋಡಿ. ನೀರು ಆವಿಯಾದರೆ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಆದ್ದರಿಂದ ಸುಮ್ನೆ ಸುರಿದರೆ ಆ ಆವಿ ನಿಮ್ಮನ್ನೇ ಸುಡುತ್ತದೆ. ಒಳಗೆ ಹೋದ ಮೇಲೆ ಬಾಗಿಲನ್ನು ಹೋಸ್ ಹಿಡಿಸುವಷ್ಟೇ ತೆರೆದಿಟ್ಟುಕೊಳ್ಳಲು ಒಬ್ಬರನ್ನು ಅಲ್ಲಿಯೇ ನಿಲ್ಲಿಸಿ. "ಇಷ್ಟು ಕಡಿಮೆ ಜನದಲ್ಲಿ ಬಾಗಿಲಿಗೊಬ್ಬರಾ?" ಅಂತ ನಿಮಗೆ ಅನ್ನಿಸಬಹುದು. ನನ್ನ ಪ್ರಕಾರ ಅದು ಬ್ರಾಂಚ್ (ಹೋಸ್‌ನ ತುದಿಯ ನಳಿಕೆ) ಹಿಡಿದವರಷ್ಟೇ ಮುಖ್ಯವಾದ ಕೆಲಸ.

ಮೇಲಿನ ಮಹಡಿಗಳನ್ನೂ ಮರೆಯಬೇಡಿ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತರು. ವಿದ್ಯುತ್ ತಂತಿಗಳು ಮಹಡಿಯಿಂದ ಮಹಡಿಗೆ ಹಾಯುವ ಡಕ್ಟ್‌ನಲ್ಲಿ ಎದ್ದ ಬೆಂಕಿಯ ಹೊಗೆ ಮೇಲಿನ ಮಹಡಿಗಳನ್ನು ತುಂಬಿತ್ತು. ಉಸಿರು ಕಟ್ಟಿ, ಬೇರೆ ದಾರಿ ಕಾಣದೆ ಕೆಲವರು ಕೆಳಗೆ ಹಾರಿದರು. ಡಕ್ಟ್, ಲಿಫ್ಟ್ ಗುಂಡಿ, ಮೆಟ್ಟಿಲು ಎಲ್ಲಿವೆ ಎಂದು ನಿಮ್ಮ ಊರಿನ ದೊಡ್ಡ ಕಟ್ಟಡಗಳಲ್ಲಿ ಈಗಲೇ ಹೋಗಿ ನೋಡಿಕೊಳ್ಳಿ.

ಈ ಪತ್ರವನ್ನು ನಿಮ್ಮ ಠಾಣಾಧಿಕಾರಿಗೂ ಹಿರಿಯರಿಗೂ ತೋರಿಸಿ. ಅವರ ಅನುಭವದಲ್ಲಿ ಇದಕ್ಕೆ ಹೊಂದದ್ದು ಏನಾದರೂ ಇದ್ದರೆ ಬರೆದು ಕಳಿಸಲಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

– ಸಂಪಾದಕ