ಎಲ್ಲಾ ಲೆಕ್ಕ ಹೇಳಿಕೊಟ್ಟ ಮೈದುನ: ಒಂದು ಆಪ್ತಸಲಹೆ ಪ್ರಕರಣ

ಇದನ್ನು ಬರೆಯಲು ಸಂಬಂಧಪಟ್ಟವರ ಒಪ್ಪಿಗೆ ಇದೆ. ಗುರುತು ಸಿಗದಂತೆ ಹೆಸರು, ಊರು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅವರನ್ನು ಇಲ್ಲಿ ಪ್ರಕಾಶ ಎಂದು ಕರೆಯುತ್ತೇನೆ.

ಪ್ರಕಾಶ ಹೊಸನಗರದ ಕಡೆಯವರು. ನಲವತ್ತರ ಹತ್ತಿರದ ವಯಸ್ಸು, ಮದುವೆಯಾಗಿಲ್ಲ. ಅಣ್ಣ, ಅತ್ತಿಗೆ, ಅಮ್ಮ ಜೊತೆಗಿದ್ದಾರೆ. ಸ್ವಲ್ಪ ಅಡಿಕೆ ತೋಟ ಇದೆ. ನಿದ್ದೆ ಇಲ್ಲ, ಹೊಟ್ಟೆ ಉರಿ ಎಂದು ಶಿವಮೊಗ್ಗದಲ್ಲಿ ಡಾಕ್ಟರಿಗೆ ತೋರಿಸಿದ್ದರು. ರಿಪೋರ್ಟು ಎಲ್ಲಾ ಸರಿಯಿತ್ತು. ಅಲ್ಲಿಂದ ನನ್ನ ಹತ್ತಿರ ಕರೆತಂದವರು ಅತ್ತಿಗೆ. ಅವರು ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ:

"ಮೇಡಂ, ಇವ ಕುಡೀತಾನೆ ಅಂತ ಇಷ್ಟು ಹೆದರಿಕೆ ಆಗಿರ್ಲಿಲ್ಲ. ಮೊನ್ನೆ ರಾತ್ರಿ ನನ್ನ ಕೂರಿಸ್ಕೊಂಡು ಸೊಸೈಟಿ ಸಾಲ ಎಷ್ಟು, ಮಂಡಿಯಿಂದ ಎಷ್ಟು ಬರ್ಬೇಕು, ಇನ್ಶೂರೆನ್ಸ್ ಕಾಗದ ಎಲ್ಲಿದೆ, ಎಲ್ಲಾ ಹೇಳಿಕೊಟ್ಟ. ಯಾವತ್ತೂ ಲೆಕ್ಕದ ಪುಸ್ತಕ ಮುಟ್ಟೋಕೆ ಬಿಡದವ. ಅವತ್ತಿಂದ ನಂಗೆ ನಿದ್ದೆ ಇಲ್ಲ."

ಈ ಅತ್ತಿಗೆ ಪಿಯುಸಿ ಓದಿದವರು. ಯಾವ ತರಬೇತಿಯೂ ಇಲ್ಲದೆ, ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ತಿಳಿಯಲು ನಾವು ಹುಡುಕುವ ಬಹು ಮುಖ್ಯ ಲಕ್ಷಣವನ್ನು ಅವರು ಗುರುತಿಸಿದ್ದರು. ಇಷ್ಟು ದಿನ ಒದ್ದಾಡುತ್ತಿದ್ದವರು ಇದ್ದಕ್ಕಿದ್ದಂತೆ ಶಾಂತರಾಗಿ, ಲೆಕ್ಕ ಒಪ್ಪಿಸಿ, ಕಾಗದ ಪತ್ರ ಹೊಂದಿಸಲು ಶುರು ಮಾಡಿದರೆ ಅದನ್ನು ಜವಾಬ್ದಾರಿ ಬಂತು ಎಂದು ಬಿಟ್ಟುಬಿಡಬಾರದು.

ಪ್ರಕಾಶ ಅವರ ಜೊತೆ ಒಬ್ಬರೇ ಇದ್ದಾಗ ಮಾತಾಡಿದೆ. ನೀವು ಹೇಳಿದ್ದು ನನ್ನಲ್ಲೇ ಇರುತ್ತದೆ, ಆದರೆ ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ ಮನೆಯವರಿಗೆ ಹೇಳಲೇಬೇಕಾಗುತ್ತದೆ ಎಂದು ಮೊದಲೇ ತಿಳಿಸಿದೆ. ತೋಟಕ್ಕೆ ಎಲೆಚುಕ್ಕಿ ರೋಗ ಬಂದು ಫಸಲು ಅರ್ಧಕ್ಕೆ ಇಳಿದಿತ್ತು. ಸಾಲದ ಕಂತು ತಪ್ಪಿತ್ತು. ಹೆಣ್ಣು ನೋಡಲು ಹೋದ ಕಡೆಯೆಲ್ಲಾ "ಹುಡುಗ ಊರಲ್ಲೇ ಇರೋದಾ?" ಎಂಬ ಪ್ರಶ್ನೆ, ಆಮೇಲೆ ಉತ್ತರವೇ ಇಲ್ಲ. ಮಲೆನಾಡಿನ ಎಷ್ಟು ಮನೆಗಳಲ್ಲಿ ಈ ನೋವಿದೆ ಎಂದು ಇಲ್ಲಿಯವರಿಗೆ ಗೊತ್ತು. ಮೊದಲು ಹವ್ಯಾಸಿ ಯಕ್ಷಗಾನ ತಂಡದಲ್ಲಿ ಚೆಂಡೆ ಬಾರಿಸುತ್ತಿದ್ದರಂತೆ. ಹೋದಲ್ಲೆಲ್ಲಾ "ಮದುವೆ ಊಟ ಯಾವಾಗ ಮಾರಾಯ?" ಎಂದು ಕೇಳುತ್ತಾರೆಂದು ಅದನ್ನೂ ಬಿಟ್ಟಿದ್ದರು. ಸಂಜೆ ಕುಡಿತ ಮಾತ್ರ ಉಳಿದಿತ್ತು. ಚಿಕ್ಕಪ್ಪ ಒಬ್ಬರು ಹಿಂದೆ ಆತ್ಮಹತ್ಯೆ ಮಾಡಿಕೊಂಡಿದ್ದರು. ಆ ವಿಷಯ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ನಾನು ಸುತ್ತಿ ಬಳಸದೆ ಕೇಳಿದೆ: "ಸತ್ತುಹೋಗಬೇಕು ಅಂತ ಅನ್ನಿಸಿದೆಯಾ?"

ತುಂಬಾ ಹೊತ್ತು ಸುಮ್ಮನಿದ್ದು "ಹೌದು ಮೇಡಂ" ಎಂದರು. ಆಮೇಲೆ ಅತ್ತರು. ಯಾರೂ ಇದನ್ನು ಕೇಳಿರಲೇ ಇಲ್ಲ ಎಂದರು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೋದೀತು ಎಂದು ಮನೆಯವರು ಹೆದರುತ್ತಾರೆ. ಹಾಗಾಗುವುದಿಲ್ಲ ಎಂದು ಬೇರೆ ಬೇರೆ ದೇಶಗಳ ಅಧ್ಯಯನಗಳು ತೋರಿಸಿವೆ. ಕೇಳುವುದರಿಂದ ಹೆಚ್ಚಿನವರಿಗೆ ಎದೆ ಹಗುರಾಗುತ್ತದೆ. ಯೋಚನೆ ಎಷ್ಟು ಗಟ್ಟಿಯಾಗಿದೆ, ಹಿಂದೆ ಯಾವಾಗಾದರೂ ಪ್ರಯತ್ನಿಸಿದ್ದರಾ, ಇವತ್ತಿನವರೆಗೆ ಏನು ತಡೆದಿದೆ ಎಂದೂ ಕೇಳಿದೆ. ಮೊದಲ ಎರಡರ ವಿವರ ಇಲ್ಲಿ ಬೇಡ. ಕೊನೆಯದಕ್ಕೆ ಅವರ ಉತ್ತರ: "ಅಮ್ಮಂಗೆ ಬಿಪಿ ಮಾತ್ರೆ ಕೊಡೋದು ನಾನೇ. ಬೇರೆಯವರ ಕೈಲಿ ತಗೊಳಲ್ಲ."

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆಯಿಂದ ತೀರಿಕೊಂಡರು. ಕರ್ನಾಟಕದಲ್ಲೇ 13,606. ದೇಶದ ಲೆಕ್ಕದಲ್ಲಿ ಪ್ರತಿ 100ರಲ್ಲಿ ಸುಮಾರು 72 ಮಂದಿ ಗಂಡಸರು. ಆ ವರದಿಯಲ್ಲಿ ಕಾರಣಗಳ ಪಟ್ಟಿಯೂ ಇದೆ. ಕುಟುಂಬದ ಸಮಸ್ಯೆ ಶೇ. 31.7, ಕಾಯಿಲೆ ಶೇ. 18.4, ಸಾಲ ಶೇ. 4ರ ಆಸುಪಾಸು. ಒಬ್ಬರಿಗೆ ಒಂದೇ ಕಾರಣದ ಖಾನೆ. ಪ್ರಕಾಶ ಅವರನ್ನು ಯಾವ ಖಾನೆಯಲ್ಲಿ ಹಾಕುವುದು? ಸಾಲವೋ, ಮದುವೆಯೋ, ಕುಡಿತವೋ, ಯಾರೂ ಗುರುತಿಸದ ಖಿನ್ನತೆಯೋ? ನಮ್ಮ ಕಡೆ ಧರೆ ಕುಸಿಯುವುದು ಒಂದೇ ದಿನದ ಮಳೆಗಲ್ಲ, ಅಲ್ವಾ? ಒಳಗೆ ನೀರು ಇಂಗಿ ಇಂಗಿ ಸಡಿಲವಾಗಿರುತ್ತದೆ. ಹಾಗಾಗಿ "ಸಾಲಕ್ಕೆ ಹೆದರಿ ಆತ್ಮಹತ್ಯೆ" ಎಂಬ ತಲೆಬರಹ ನೋಡಿದಾಗ ನನಗೆ ಬೇಸರವಾಗುತ್ತದೆ. ಅದೇ ಸಾಲ ಇರುವ ಇನ್ನೊಬ್ಬರಿಗೆ ಅದು ದಾರಿ ತೋರಿಸಿದ ಹಾಗೆ ಆಗಿಬಿಡುತ್ತದೆ. ಚಿಕಿತ್ಸೆಯಿಂದ ಸರಿಪಡಿಸಬಹುದಾದ ಸಂಗತಿಗಳು ಅಲ್ಲಿ ಕಾಣುವುದೇ ಇಲ್ಲ.

ಕಾರಣ ಒಂದಲ್ಲ ಎಂದರೆ ಕೈ ಹಾಕಲು ಜಾಗವೂ ಒಂದಕ್ಕಿಂತ ಜಾಸ್ತಿ ಇದೆ. ಎಲೆಚುಕ್ಕಿ ರೋಗವನ್ನು ನಾನು ವಾಸಿ ಮಾಡಲಾರೆ. ಹೆಣ್ಣು ಹುಡುಕಿ ಕೊಡಲಾರೆ. ಉಳಿದದ್ದರಲ್ಲಿ ಮಾಡಬಹುದಾದದ್ದು ಬೇಕಾದಷ್ಟಿತ್ತು.

ಮೊದಲ ಸಲಹೆ ಅಣ್ಣನಿಗೆ, ಫೋನಿನಲ್ಲಿ. ಪ್ರಕಾಶ ಅವರ ಎದುರಿಗೇ ಮಾತಾಡಿದೆ. ತೋಟಕ್ಕೆ ಹೊಡೆಯುವ ಔಷಧಿ ಯಾವುದೂ ಇವತ್ತು ರಾತ್ರಿ ಮನೆಯಲ್ಲಿ ಇರಬಾರದು. ಕೋವಿ ಇದ್ದರೆ ಅದೂ ಬೇರೆ ಕಡೆ ಹೋಗಬೇಕು. ಅಣ್ಣ "ಸಾಯ್ಬೇಕು ಅಂತ ಇದ್ರೆ ಇದಿಲ್ಲದಿದ್ರೆ ಇನ್ನೊಂದು ಮೇಡಂ" ಎಂದರು. ಬಹಳ ಜನ ಹೀಗೇ ನಂಬಿದ್ದಾರೆ. ಅದು ನಿಜ ಅಲ್ಲ. ತೀರಾ ಅಸಹನೀಯ ಅನ್ನಿಸುವ ಹೊತ್ತು ಬಹಳ ಸಲ ಬೇಗ ಇಳಿಯುತ್ತದೆ. ಆ ಹೊತ್ತು ದಾಟಿಸಿದರೆ ಹೆಚ್ಚಿನವರು ಬದುಕುತ್ತಾರೆ. ಶ್ರೀಲಂಕಾದಲ್ಲಿ 1995ರಿಂದ ಈಚೆಗೆ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದರು. ಮುಂದಿನ ಎರಡು ದಶಕಗಳಲ್ಲಿ ಅಲ್ಲಿನ ಒಟ್ಟು ಆತ್ಮಹತ್ಯೆ ಪ್ರಮಾಣ ಸುಮಾರು ಶೇ. 70 ಇಳಿಯಿತು. ಇದನ್ನು ಹೇಳಿದ ಮೇಲೆ ಅಣ್ಣ ಒಪ್ಪಿದರು. ಪಕ್ಕದ ಮನೆಯವರ ಬೀಗ ಹಾಕುವ ಕೋಣೆಗೆ ಎಲ್ಲಾ ಸಾಗಿಸಿದರು. ಔಷಧಿ ಹೊಡೆಯುವ ಕೆಲಸ ಆ ವರ್ಷ ಕೂಲಿಯವರಿಗೆ ಹೋಯಿತು.

ಆಮೇಲೆ ಅಣ್ಣ ಇನ್ನೊಂದು ಕೇಳಿದರು: ಸಿಗಂದೂರಿಗೆ ಕರೆದುಕೊಂಡು ಹೋಗಿ, ಇನ್ನು ಹೀಗೆ ಯೋಚಿಸಲ್ಲ ಅಂತ ಆಣೆ ಮಾಡಿಸಲಾ? ದೇವಿಯ ದರ್ಶನಕ್ಕೆ ಖಂಡಿತ ಹೋಗಿ ಬನ್ನಿ, ಆಣೆ ಮಾತ್ರ ಬೇಡ ಎಂದೆ. ನಂಬಿಕೆ ಮನುಷ್ಯನಿಗೆ ಆಸರೆ. ಆದರೆ ಆಣೆ ಮಾಡಿದವರು ಮತ್ತೆ ಆ ಯೋಚನೆ ಬಂದಾಗ ಬಾಯಿ ಬಿಡುವುದಿಲ್ಲ. ನಮಗೆ ಬೇಕಾಗಿರುವುದು ಅವರು ಬಾಯಿ ಬಿಡುವುದು.

ಆಣೆಯ ಬದಲು ಒಂದು ಚೀಟಿ ಬರೆದೆವು. ಮಾತು ಅವರದೇ, ಅಕ್ಷರವೂ ಅವರದೇ. ಮನಸ್ಸು ಕೆಡುವ ಹೊತ್ತು ಯಾವುದು: ಸಂಜೆ ಏಳರ ಮೇಲೆ, ಕಂತಿನ ಫೋನ್ ಬಂದ ದಿನ. ಆಗ ಏನು ಮಾಡುವುದು: ಕೊಟ್ಟಿಗೆಗೆ ಹೋಗುವುದು, ಅಮ್ಮನ ಹತ್ತಿರ ಕೂರುವುದು. ಆದರೂ ತಡೆಯದಿದ್ದರೆ ಅತ್ತಿಗೆಗೆ "ಇವತ್ತು ಸರಿ ಇಲ್ಲ" ಎಂದಷ್ಟೇ ಹೇಳುವುದು. ಭಾಗವತರಾದ ಗೆಳೆಯನ ಮನೆಗೆ ನಡೆಯುವುದು. ಕೊನೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಯಾವುದೂ ಸಾಲದಿದ್ದರೆ ಹತ್ತಿರದ ಆಸ್ಪತ್ರೆ, ಜೊತೆಗೆ ಒಬ್ಬರು. ಈ ಚೀಟಿ ಅಂಗಿ ಜೇಬಿನಲ್ಲಿ ಇರಬೇಕು, ಇನ್ನೊಂದು ಪ್ರತಿ ಅತ್ತಿಗೆಯ ಹತ್ತಿರ.

ಮನೋವೈದ್ಯರಿಗೆ ಅದೇ ದಿನ ತೋರಿಸಿದೆವು. ಖಿನ್ನತೆಗೆ ಮಾತ್ರೆ ಶುರುವಾಯಿತು. ಕುಡಿತವನ್ನು ಹಟದಿಂದ ಒಂದೇ ದಿನ ನಿಲ್ಲಿಸಬೇಡಿ, ದಿನಾ ಕುಡಿಯುವವರಿಗೆ ಅದು ಅಪಾಯ, ವೈದ್ಯರ ಕಣ್ಣಳತೆಯಲ್ಲೇ ಬಿಡಬೇಕು ಎಂದು ಹೇಳಿದೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಮದ್ಯದ ಸಮಸ್ಯೆ ಇದ್ದ 100 ಜನರಲ್ಲಿ ಸುಮಾರು 86 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಪ್ರತಿ ಸಲ ಶಿವಮೊಗ್ಗಕ್ಕೆ ಬರುವುದು ಕಷ್ಟ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ, ಮಾನಸಿಕ ಕಾಯಿಲೆಗಳನ್ನು ನೋಡುವ ಮನೋಚೈತನ್ಯ ಕ್ಲಿನಿಕ್ ಬಗ್ಗೆ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇನ್ನೊಂದು ಹೆದರಿಕೆ ಪೊಲೀಸರದ್ದು. ಆಸ್ಪತ್ರೆಯಲ್ಲಿ ಬಾಯಿ ಬಿಟ್ಟರೆ ಕೇಸು ಆಗುತ್ತದೆ ಎಂದು ಅಮ್ಮ ಅಂದುಕೊಂಡಿದ್ದರು. ಇಂಥ ಯೋಚನೆ ಬಂದಿದೆ ಎಂದು ಹೇಳಿಕೊಳ್ಳುವುದು ಅಪರಾಧವೇ ಅಲ್ಲ. ಪ್ರಯತ್ನ ಮಾಡಿದವರನ್ನೂ 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ತೀವ್ರ ಒತ್ತಡದಲ್ಲಿದ್ದವರು ಎಂದೇ ನೋಡುತ್ತದೆ. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ ಎನ್ನುತ್ತದೆ.

ಅತ್ತಿಗೆಗೆ ಕೊಟ್ಟ ಸಲಹೆ ಚಿಕ್ಕದು. "ನಿಂಗೇನು ಕಡಿಮೆಯಾಗಿದೆ" ಎನ್ನಬೇಡಿ. "ಅಮ್ಮನ ಗತಿ ಏನು" ಎಂದು ಚುಚ್ಚಬೇಡಿ. ಹೇಳಿಕೊಟ್ಟ ಲೆಕ್ಕವನ್ನು ಅವರ ಜೊತೆ ಕೂತು ಮತ್ತೆ ತೆಗೆಯಿರಿ, ಈ ಸಲ ಸಾಲ ತೀರಿಸುವ ದಾರಿ ನೋಡಲು. ಅಣ್ಣ ತಮ್ಮ ಸೇರಿ ಸೊಸೈಟಿಗೆ ಹೋಗಿ ಕಂತು ಮುಂದಕ್ಕೆ ಹಾಕಿಸಿಕೊಂಡು ಬಂದರು. ಸಾಲ ಹಾಗೇ ಇದೆ, ಒಬ್ಬರ ತಲೆಯ ಮೇಲೆ ಮಾತ್ರ ಇಲ್ಲ.

ಬಿಡದೆ ಸಂಪರ್ಕ ಇಟ್ಟುಕೊಳ್ಳುವುದು ಬರೀ ಶಿಷ್ಟಾಚಾರ ಅಲ್ಲ, ಅದೇ ಚಿಕಿತ್ಸೆ. ಆತ್ಮಹತ್ಯೆಗೆ ಪ್ರಯತ್ನಿಸಿ ಆಸ್ಪತ್ರೆ ಸೇರಿದವರ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ ಅಧ್ಯಯನ ಮಾಡಿತ್ತು. 2008ರಲ್ಲಿ ಫಲಿತಾಂಶ ಬಂತು. ಒಮ್ಮೆ ತಿಳಿಹೇಳಿ, ಆಮೇಲೆ ಒಂದೂವರೆ ವರ್ಷ ಆಗಾಗ ಫೋನಿನಲ್ಲೋ ಮನೆಗೆ ಹೋಗಿಯೋ ಯಾರನ್ನು ವಿಚಾರಿಸಿಕೊಂಡಿದ್ದರೋ ಅವರಲ್ಲಿ, ಮಾಮೂಲಿ ಚಿಕಿತ್ಸೆ ಮಾತ್ರ ಪಡೆದವರಿಗಿಂತ ಆತ್ಮಹತ್ಯೆಯ ಸಾವು ಕಡಿಮೆ ಇತ್ತು. ಪ್ರಕಾಶ ಅವರ ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಗುಡ್ಡ ಹತ್ತಬೇಕು. ಹಾಗಾಗಿ ಪೇಟೆಗೆ ಬಂದ ದಿನ ಅವರೇ ಫೋನ್ ಮಾಡುವುದು, ಬರದಿದ್ದರೆ ನಾನು ಅಣ್ಣನಿಗೆ ಮಾಡುವುದು ಎಂದಾಯಿತು.

ಮಳೆಗಾಲದಲ್ಲಿ ಒಮ್ಮೆ ಮತ್ತೆ ಜೋರಾಗಿ ಕುಡಿದರು. ಮರುದಿನ ತಾವೇ ಫೋನ್ ಮಾಡಿ ಹೇಳಿದರು. ಅದು ನನಗೆ ದೊಡ್ಡ ಸಮಾಧಾನ. ಈಗ ಕುಡಿತ ಬಹಳ ಕಡಿಮೆಯಾಗಿದೆ, ನಿದ್ದೆ ಬರುತ್ತಿದೆ, ಚೆಂಡೆ ಅಭ್ಯಾಸಕ್ಕೆ ಹೋಗುತ್ತಿದ್ದಾರೆ. ಮದುವೆಯ ಮಾತು ಎತ್ತಬೇಡಿ ಎಂದು ಗೆಳೆಯನೇ ತಂಡದವರಿಗೆ ಹೇಳಿದ್ದಾನಂತೆ. ಚಿಕ್ಕಪ್ಪನ ವಿಷಯ ಮಾತ್ರ ಮನೆಯಲ್ಲಿ ಇನ್ನೂ ಮಾತಾಗಿಲ್ಲ. ಮುಂದಿನ ಸಲ ಅಮ್ಮನನ್ನೂ ಕರೆತರುತ್ತೇನೆ ಎಂದಿದ್ದಾರೆ. ಆರಾಮಾಗಿದ್ದೀನಿ ಅಂತ ಮಾತ್ರೆ ನಿಲ್ಲಿಸಬೇಡಿ, ತೋಟದ ಔಷಧಿ ಸದ್ಯಕ್ಕೆ ಪಕ್ಕದ ಮನೆಯಲ್ಲೇ ಇರಲಿ ಎಂದು ಹೇಳಿ ಕಳಿಸಿದ್ದೇನೆ.