ಅಮೆರಿಕದಲ್ಲಿ ಕೌಂಟಿ ಶೆರಿಫ್ ಆಗುವುದು ಹೇಗೆ? ಪರೀಕ್ಷೆ ಬರೆಯಬೇಕೇ?

ನಿಮ್ಮ ತಮ್ಮನ ಮಗ ಟೆಕ್ಸಸ್‌ನಲ್ಲಿ ಅಪರಾಧಶಾಸ್ತ್ರ ಓದುತ್ತಿದ್ದಾನೆ, ಗ್ರೀನ್ ಕಾರ್ಡ್ ಇದೆ, ನಮ್ಮ ಎಸ್‌ಪಿಯ ಹಾಗೆ ಪರೀಕ್ಷೆ ಬರೆದು ಶೆರಿಫ್ ಆಗಬಹುದೇ ಎಂದು ಕೇಳಿದ್ದೀರಿ. ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು, ಶೆರಿಫ್ ಅದರ ಪೊಲೀಸ್ ಮುಖ್ಯಸ್ಥ. ಟೆಕ್ಸಸ್‌ನ ಡಲ್ಲಾಸ್‌ಗೆ ಬಂದ ಹೊಸತರಲ್ಲಿ ನಾನೂ ಹಾಗೆಯೇ ತಿಳಿದಿದ್ದೆ. ಮನೆಗಳ ಮುಂದಿನ ಹುಲ್ಲಿನ ಮೇಲೆ ಶೆರಿಫ್ ಅಭ್ಯರ್ಥಿಗಳ ಹೆಸರಿನ ಫಲಕಗಳನ್ನು ಕಂಡಾಗ ಗೊತ್ತಾಯಿತು, ಇದು ಮತ ಕೇಳಿ ಪಡೆಯುವ ಹುದ್ದೆ. ಟೆಕ್ಸಸ್‌ನಲ್ಲಿ ಅವಧಿ ನಾಲ್ಕು ವರ್ಷ. ವರ್ಗಾವಣೆ ಎಂಬುದೇ ಇಲ್ಲ.

ಡಲ್ಲಾಸ್ ಕೌಂಟಿಯ ಶೆರಿಫ್ ಆಗಿದ್ದ ಲೂಪೆ ವಾಲ್ಡೆಜ್ ಎಂಬ ಮಹಿಳೆಯ ಹಾದಿಯನ್ನು ನೋಡಿ. 1947ರಲ್ಲಿ ಸ್ಯಾನ್ ಆಂಟೋನಿಯೊದಲ್ಲಿ ಹುಟ್ಟಿದವರು. ತಂದೆತಾಯಿ ಬೆಳೆ ಇದ್ದ ಕಡೆಗೆ ಗುಳೆ ಹೋಗುತ್ತಿದ್ದ ಕೂಲಿಗಳು, ಎಂಟು ಮಕ್ಕಳಲ್ಲಿ ಇವರೇ ಕಿರಿಯರು. ಓದಿದರು, ಜೈಲಿನಲ್ಲಿ ಕಾವಲು ಕೆಲಸಕ್ಕೆ ಸೇರಿದರು. ಅಲ್ಲಿಂದ ಕೇಂದ್ರ ಸರ್ಕಾರದ ತನಿಖಾಧಿಕಾರಿಯಾಗಿ ಕಸ್ಟಮ್ಸ್ ಮುಂತಾದ ಇಲಾಖೆಗಳಲ್ಲಿ ದುಡಿದರು. 2004ರಲ್ಲಿ ಚುನಾವಣೆಗೆ ನಿಂತು ಕಡಿಮೆ ಅಂತರದಲ್ಲಿ ಗೆದ್ದು ಡಲ್ಲಾಸ್ ಕೌಂಟಿಯ ಶೆರಿಫ್ ಆದರು. ಶೆರಿಫ್ ಕಚೇರಿಯಲ್ಲಿ ಒಂದು ದಿನವೂ ಕೆಲಸ ಮಾಡದೆ ಹೊರಗಿನಿಂದ ಬಂದು ಅದರ ತಲೆಯಾದವರು!

ಆದರೆ ಅವರಿಗೆ ದಕ್ಕಿದ ಹೊರೆಯನ್ನೂ ತಿಳಿಯಬೇಕು. ಟೆಕ್ಸಸ್‌ನಲ್ಲಿ ಕೌಂಟಿಯ ಜೈಲು ಶೆರಿಫರ ಕೈಯಲ್ಲಿರುತ್ತದೆ. ಡಲ್ಲಾಸ್ ಜೈಲು ರಾಜ್ಯದ ತಪಾಸಣೆಯಲ್ಲಿ ವರ್ಷಗಟ್ಟಲೆ ಅನುತ್ತೀರ್ಣವಾಗುತ್ತಿತ್ತು. ಕೈದಿಗಳ ವೈದ್ಯಕೀಯ ಆರೈಕೆ ಎಷ್ಟು ಹದಗೆಟ್ಟಿತ್ತೆಂದರೆ 2006ರಲ್ಲಿ ಕೇಂದ್ರದ ನ್ಯಾಯ ಇಲಾಖೆಯೇ ಕಟುವಾದ ವರದಿ ಕೊಟ್ಟಿತು. ಜೈಲು ತಪಾಸಣೆಯಲ್ಲಿ ತೇರ್ಗಡೆಯಾದದ್ದು 2010ರಲ್ಲಿ. ಗಸ್ತು ವಾಹನ, ಬ್ಯಾಡ್ಜು ಕಂಡು ಈ ಹುದ್ದೆಗೆ ಆಸೆಪಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಬೀಗದ ಹಿಂದೆ ಇರುವವರ ಔಷಧಿ, ಊಟ, ಜೀವ ನಿಮ್ಮ ಹೊಣೆ. ವಾಲ್ಡೆಜ್ 2017ರ ಕೊನೆಯಲ್ಲಿ ರಾಜೀನಾಮೆ ಕೊಟ್ಟು ಟೆಕ್ಸಸ್‌ನ ಗವರ್ನರ್ (ಇಲ್ಲಿ ಅದು ಜನರೇ ಆರಿಸುವ ರಾಜ್ಯದ ಮುಖ್ಯಸ್ಥರ ಹುದ್ದೆ) ಸ್ಥಾನಕ್ಕೆ ಸ್ಪರ್ಧಿಸಿ ಸೋತರು.

ಅವರ ಜಾಗಕ್ಕೆ ಬಂದ ಮೇರಿಯನ್ ಬ್ರೌನ್ ಅದೇ ಕಚೇರಿಯಲ್ಲಿ ಹಿರಿಯ ಅಧಿಕಾರಿಯಾಗಿದ್ದವರು. ಮೊದಲು ನೇಮಕಗೊಂಡು, 2018ರಲ್ಲಿ ಮತದಾರರ ಮುಂದೆ ಹೋಗಿ ಗೆದ್ದರು.

ನಿಮ್ಮ ಹುಡುಗನ ವಿಷಯ: ಅಭ್ಯರ್ಥಿಯಾಗಲು ಅಮೆರಿಕದ ನಾಗರಿಕನೇ ಆಗಿರಬೇಕು, ಗ್ರೀನ್ ಕಾರ್ಡ್ ಸಾಲದು. ಅಲ್ಲಿಯವರೆಗೆ ಓದು ಮುಗಿಸಲಿ, ಸ್ಪ್ಯಾನಿಷ್ ಕಲಿಯಲಿ. ನಾಗರಿಕತ್ವ ಸಿಕ್ಕ ಮೇಲೆ ಯಾವುದಾದರೂ ಕೌಂಟಿ ಜೈಲಿನ ಕೆಲಸಕ್ಕೆ ಅರ್ಜಿ ಹಾಕಲಿ. ಒಂದು ವರ್ಷ ರಾತ್ರಿ ಪಾಳಿ ಮಾಡಿದ ಮೇಲೂ ಆಸೆ ಉಳಿದಿದ್ದರೆ ನನಗೆ ಬರೆಯಲು ಹೇಳಿ.